ಮದುವೆ ಮಾಡಿ ನೋಡು, ಲೆಕ್ಕ ಬರೆದೂ ನೋಡು

(ಸಂಘದ ಸಂಸ್ಥಾಪನಾ ದಿನೋತ್ಸವದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಂಘದ ಹುಟ್ಟುಹಬ್ಬದ ದಿನ ಭಾಷಣ ಮಾಡುವವರು ಸಾಮಾನ್ಯವಾಗಿ ಕನ್ನಡ ನಾಡಿನ ಹಿರಿಮೆಯನ್ನೋ ಭಾಷೆಯ ಉಳಿವನ್ನೋ ಕುರಿತು ಮಾತನಾಡುತ್ತಾರೆ. ಕಾರ್ಯದರ್ಶಿಗಳು ನಮ್ಮನ್ನು ಕೇಳಿದಾಗ, "ನಮ್ಮ ತಲೆಯಲ್ಲಿ ಈಗ ಮಗಳ ಮದುವೆಯೊಂದನ್ನು ಬಿಟ್ಟು ಬೇರೇನೂ ಇಲ್ಲ" ಎಂದೆವು. "ಹಾಗಾದರೆ ಅದನ್ನೇ ಮಾತಾಡಿ, ಇಲ್ಲಿ ಯಾರ ಮನೆಯಲ್ಲಿ ಮದುವೆಯ ಚಿಂತೆ ಇಲ್ಲ?" ಎಂದರು ಅವರು. ಆದ್ದರಿಂದ ಈ ಮಾತು ಪಂಡಿತರ ಮಾತಲ್ಲ. ಬರುವ ಮಾಘದಲ್ಲಿ ಮಗಳ ಧಾರೆ ಎರೆಯಬೇಕಾಗಿರುವ ತಂದೆ ತಾಯಿ, ಕೈಯಲ್ಲಿ ಲೆಕ್ಕದ ಪುಸ್ತಕ ಹಿಡಿದುಕೊಂಡು ಆಡುವ ಮಾತು. ಬರೆದವರು ಇಬ್ಬರೂ, ಓದುವವರು ಒಬ್ಬರು, ಅಷ್ಟೆ.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ನಮಗೆಲ್ಲ ಬಾಯಿಪಾಠ. ಕೊಲ್ಲಿಯ ಕನ್ನಡಿಗರು ಇವೆರಡನ್ನೂ ದೂರದಿಂದಲೇ ಮಾಡುವವರು. ಮನೆಯ ಅಡಿಪಾಯವನ್ನು ಫೋನಿನಲ್ಲಿ ನೋಡುತ್ತೇವೆ, ಮದುವೆಯ ಚಪ್ಪರವನ್ನೂ ಫೋನಿನಲ್ಲಿ ಹಾಕಿಸುತ್ತೇವೆ. ಹೀಗೆ ದೂರದಿಂದ ಮಾಡಿಸುವಾಗ ಒಂದು ವಿಚಿತ್ರ ನಡೆಯುತ್ತದೆ. ನಮ್ಮ ಸಂಪಾದನೆ ರಿಯಾಲಿನಲ್ಲಿ, ಖರ್ಚು ರೂಪಾಯಿಯಲ್ಲಿ. ಒಮಾನಿ ರಿಯಾಲ್ 1986ರಿಂದ ಅಮೆರಿಕದ ಡಾಲರಿಗೆ ಗಂಟು ಹಾಕಿಕೊಂಡು 2.60 ಡಾಲರಿನಲ್ಲೇ ನಿಂತಿದೆ. ರೂಪಾಯಿ ಮಾತ್ರ ಇಳಿಯುತ್ತಾ ಬಂದು, ಒಂದು ರಿಯಾಲಿಗೆ 200 ರೂಪಾಯಿ ದಾಟಿ ವರ್ಷಗಳೇ ಆದವು. ಊರಿನಲ್ಲಿ ಹೂವಿನ ಅಲಂಕಾರದವನು "ಇನ್ನೊಂದು ಇಪ್ಪತ್ತು ಸಾವಿರ ಆಗುತ್ತದೆ ಸಾರ್" ಎಂದರೆ ನಮ್ಮ ಮನಸ್ಸು ತಟ್ಟನೆ ಭಾಗಾಕಾರ ಮಾಡಿ, "ನೂರು ರಿಯಾಲ್ ಒಳಗೇ ತಾನೆ" ಎನ್ನುತ್ತದೆ. ಆ ನೂರು ರಿಯಾಲನ್ನು ಇಲ್ಲಿ ಉಳಿಸಲು ಎಷ್ಟು ತಿಂಗಳು ಬೇಕಾಯಿತು ಎಂಬುದನ್ನು ಭಾಗಾಕಾರ ಹೇಳುವುದಿಲ್ಲ.

ಹೋಗಲಿ, ಹಣ ನಮ್ಮದು, ಖರ್ಚೂ ನಮ್ಮದು ಎಂದು ಬಿಡಬಹುದಿತ್ತು. ಬಿಡಲು ನಮ್ಮ ಮಗಳು ಬಿಡಲಿಲ್ಲ. ಅವಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಮದುವೆಯ ಮಾತು ನಿಶ್ಚಯವಾದ ವಾರ ಫೋನ್ ಮಾಡಿ, "ಅಪ್ಪಾ, ಅಮ್ಮಾ, ಪ್ರತಿ ಖರ್ಚಿನ ಮುಂದೆ ಎರಡು ವಿಷಯ ಬರೆಯಿರಿ. ಈ ದುಡ್ಡು ಯಾರ ಕೈಗೆ ಹೋಗುತ್ತದೆ? ಇದರ ಹೊರೆ ಯಾರ ಮೇಲೆ ಬೀಳುತ್ತದೆ?" ಎಂದಳು. ಮೊದಲನೆಯದಕ್ಕೆ ಉತ್ತರ ಬರೆಯುವುದು ಸುಲಭ. ಎರಡನೆಯದು ನಮ್ಮನ್ನು ರಾತ್ರಿ ನಿದ್ದೆಗೆಡಿಸಿತು.

ಯಾಕೆಂದರೆ ನಾವು ತೀರ್ಥಹಳ್ಳಿ ಕಡೆಯವರು. ನಮ್ಮ ಊರಿನಲ್ಲಿ ಹೊರದೇಶದಲ್ಲಿರುವ ಮನೆಗಳು ನಾಲ್ಕೋ ಐದೋ. ಉಳಿದವರು ಅಡಿಕೆ, ಭತ್ತ, ಕೂಲಿ ನಂಬಿದವರು. ಹೊರದೇಶದ ಮನೆಯವರು ಒಂದು ಮದುವೆ ಮಾಡಿದರೆ ಅದು ಅವರ ಮದುವೆಯಾಗಿಯೇ ಉಳಿಯುವುದಿಲ್ಲ, ಊರಿಗೆ ಅಳತೆಗೋಲಾಗುತ್ತದೆ. ಮುಂದಿನ ವರ್ಷ ಪಕ್ಕದ ಮನೆಯ ಹುಡುಗಿಯನ್ನು ನೋಡಲು ಬಂದವರು, "ಅವರ ಮನೆ ಮದುವೆ ಹೇಗಾಯಿತು ನೋಡಿದಿರಲ್ಲ" ಎಂದು ಒಂದು ಮಾತು ಹೇಳಿದರೆ ಸಾಕು. ಬಾಯಿ ಬಿಟ್ಟು ಏನೂ ಕೇಳಬೇಕಾಗಿಲ್ಲ. ಆ ಹುಡುಗಿಯ ತಂದೆ ಸೊಸೈಟಿಯಲ್ಲಿ ಸಾಲ ತೆಗೆಯುತ್ತಾನೆ, ಅದೂ ಸಾಲದಿದ್ದರೆ ತೋಟ ಅಡವಿಡುತ್ತಾನೆ. ನಮ್ಮ ಚಪ್ಪರದ ದೀಪದ ಬೆಲೆ ಹೀಗೆ ಇನ್ನೊಬ್ಬರ ಮನೆಯಲ್ಲಿ ವಸೂಲಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ನಮ್ಮ ನಮ್ಮ ಹಾಸಿಗೆಯ ವಿಚಾರ. ನಾವು ಕಾಲು ಚಾಚಿದ್ದರಿಂದ ಪಕ್ಕದವನ ಹಾಸಿಗೆ ಸಣ್ಣದಾಗಿ ಕಾಣುತ್ತದಲ್ಲ, ಅದಕ್ಕೆ ಏನು ಮಾಡೋಣ?

ಈ ಪ್ರಶ್ನೆ ನಮ್ಮ ನಾಡಿಗೆ ಹೊಸದಲ್ಲ. ನಮ್ಮ ತಾಲ್ಲೂಕಿನ ಕುಪ್ಪಳಿಯವರೇ ಆದ ಕುವೆಂಪು ಅವರು ಇದಕ್ಕೆ 'ಮಂತ್ರ ಮಾಂಗಲ್ಯ' ಎಂಬ ದಾರಿ ತೋರಿಸಿದರು. 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿ ಮತ್ತು ರಾಜೇಶ್ವರಿ ಅವರ ಮದುವೆಯನ್ನು ಆ ರೀತಿಯಲ್ಲೇ ನಡೆಸಿದರು. ವರದಕ್ಷಿಣೆ ಇಲ್ಲ, ಆಡಂಬರ ಇಲ್ಲ, ಪುರೋಹಿತರ ಅಗತ್ಯವಿಲ್ಲ. ಹತ್ತಿರದವರ ಸಮ್ಮುಖದಲ್ಲಿ ಅರ್ಥ ತಿಳಿಯುವ ಮಾತುಗಳನ್ನು ಹೇಳಿ ಗಂಡು ಹೆಣ್ಣು ಒಬ್ಬರನ್ನೊಬ್ಬರು ಒಪ್ಪಿಕೊಳ್ಳುವುದು. ಅಷ್ಟು ದೊಡ್ಡ ಕವಿ ತಮ್ಮ ಮಗನ ಮದುವೆಗೆ ನಾಡಿನ ಅರ್ಧ ಜನರನ್ನು ಕರೆಯಬಹುದಿತ್ತು. ಕರೆಯದೆ ಮಾಡಿ ತೋರಿಸಿದ್ದರಿಂದಲೇ ಆ ಮಾತಿಗೆ ತೂಕ ಬಂತು. ಇನ್ನೊಂದು ದಾರಿ ಧರ್ಮಸ್ಥಳದ್ದು. 1972ರಲ್ಲಿ ಅಲ್ಲಿ ಆರಂಭವಾದ ಉಚಿತ ಸಾಮೂಹಿಕ ವಿವಾಹದಲ್ಲಿ ಈವರೆಗೆ ಸಾವಿರಾರು ಜೋಡಿಗಳು ಸಾಲದ ಹಂಗಿಲ್ಲದೆ ಸಂಸಾರ ಹೂಡಿದ್ದಾರೆ. ಸರ್ಕಾರವೂ ಮುಜರಾಯಿ ದೇವಸ್ಥಾನಗಳಲ್ಲಿ 'ಸಪ್ತಪದಿ' ಎಂಬ ಸಾಮೂಹಿಕ ವಿವಾಹ ಯೋಜನೆಯನ್ನು 2020ರಲ್ಲಿ ತಂದಿತು.

ಅದೇ 2020ರಲ್ಲಿ ಇನ್ನೊಂದು ಪಾಠವೂ ಆಯಿತು. ಕೊರೋನಾ ಕಾಲದಲ್ಲಿ ಮದುವೆಗೆ 50 ಜನರಿಗಿಂತ ಹೆಚ್ಚು ಸೇರಬಾರದೆಂದು ಸರ್ಕಾರದ ಆಜ್ಞೆ. ವಿಮಾನವಿಲ್ಲದೆ ನಾವು ಇಲ್ಲಿಯೇ ಸಿಕ್ಕಿಕೊಂಡು, ಊರಿನ ಎಷ್ಟೋ ಮದುವೆಗಳಿಗೆ ಫೋನಿನ ಪರದೆಯ ಮೇಲೇ ಅಕ್ಷತೆ ಹಾಕಿದೆವು. ಆ ವರ್ಷ ಮದುವೆಯಾದವರ ಸಂಸಾರ ಏನೂ ಕಡಿಮೆಯಾಗಿಲ್ಲ. ಆದರೂ ನಿರ್ಬಂಧ ಹೋದದ್ದೇ ತಡ, ಚಪ್ಪರಗಳು ಮೊದಲಿಗಿಂತ ದೊಡ್ಡದಾದವು.

ಇಷ್ಟೆಲ್ಲ ಯೋಚಿಸಿ, "ನಾವೂ ಐವತ್ತು ಜನರ ಮದುವೆ ಮಾಡೋಣ. ಕಾರ್ಡಿನಲ್ಲಿ 'ಆಶೀರ್ವಾದವೇ ಉಡುಗೊರೆ' ಎಂದು ಅಚ್ಚು ಹಾಕಿಸೋಣ" ಎಂದು ಮಗಳು ಹೇಳಿದಳು. ನಮಗೂ ಸರಿಯೆನಿಸಿತು. ಊರಿಗೆ ಫೋನ್ ಮಾಡಿ ಅವಳ ಅಜ್ಜಿಗೆ ತಿಳಿಸಿದೆವು. ಅಜ್ಜಿಗೆ ಎಂಬತ್ತು ದಾಟಿದೆ. ಪೂರ್ತಿ ಕೇಳಿಸಿಕೊಂಡು ಮೊಮ್ಮಗಳಿಗೆ ಹೇಳಿದರು: "ಚಿನ್ನ ಬ್ಯಾಡ ಅನ್ನು, ಒಪ್ತೀನಿ. ದೀಪ ಬ್ಯಾಡ ಅನ್ನು, ಅದನ್ನೂ ಒಪ್ತೀನಿ. ಮುಯ್ಯಿ ಬ್ಯಾಡ ಅಂದ್ರೆ ಹೆಂಗೆ ಮಾರಾಯ್ತಿ? ನಿನ್ನ ಅಪ್ಪನ ಮದುವೇಲಿ ನಾವು ಊರೋರ ಮುಯ್ಯಿ ತಗಂಡೀವಿ. ಆಮೇಲೆ ಅವರ ಮನೆ ಮದುವೆಗೆ ನಾವು ಹಾಕೀವಿ. ಈಗ ಅವರು ತಿರುಗಿಸಬೇಕು. ತಗಳಲ್ಲ ಅಂದ್ರೆ ಅವರು ಯಾವ ಮುಖ ಇಟ್ಕಂಡು ಎಲೆ ಮುಂದೆ ಕೂರ್ತಾರೆ?"

ಇಲ್ಲಿ ಬೆಳೆದ ಮಕ್ಕಳಿಗಾಗಿ ಎರಡು ಮಾತು ಹೇಳಬೇಕು. ಮುಯ್ಯಿ ಎಂದರೆ ಬರಿಯ ಗಿಫ್ಟ್ ಅಲ್ಲ. ಚಪ್ಪರದ ಬಾಗಿಲಲ್ಲಿ ಒಬ್ಬರು ನೋಟ್ ಪುಸ್ತಕ ಹಿಡಿದು ಕೂತು, ಇಂಥವರು ಇಷ್ಟು ಎಂದು ಬರೆಯುತ್ತಿದ್ದರು. ಆ ಪುಸ್ತಕ ಪೆಟ್ಟಿಗೆಯಲ್ಲಿ ಭದ್ರವಾಗಿರುತ್ತಿತ್ತು. ಆ ಮನೆಯಲ್ಲಿ ಮದುವೆಯಾದಾಗ ಪುಸ್ತಕ ತೆಗೆದು ನೋಡಿ, ಅಷ್ಟಕ್ಕೆ ಒಂದು ಕೈ ಮೇಲೆಯೇ ಹಾಕಿ ಬರುತ್ತಿದ್ದರು. ಬ್ಯಾಂಕು ಇಲ್ಲದ ಕಾಲದಲ್ಲಿ ಊರೆಲ್ಲ ಸೇರಿ ಒಂದು ಮನೆಯ ಮದುವೆಯ ಭಾರವನ್ನು ಹೊತ್ತು, ಸರದಿಯ ಮೇಲೆ ಒಬ್ಬರಿಗೊಬ್ಬರು ತಿರುಗಿಸುತ್ತಿದ್ದ ಬಡ್ಡಿಯಿಲ್ಲದ ಸಾಲ ಅದು. ಕೂಲಿ ಮಾಡುವ ಮನೆಯವಳು ತರುವ ನೂರು ರೂಪಾಯಿಯ ಹಿಂದೆ, ಅವಳ ಮಗಳ ಮದುವೆಗೆ ನಮ್ಮ ಮನೆಯಿಂದ ಹೋದ ಮೂರು ಸೇರು ಅಕ್ಕಿ ಇರುತ್ತದೆ. ಅವಳು ಅದನ್ನು ತೀರಿಸಿ ತಲೆಯೆತ್ತಿ ನಡೆಯಬೇಕೆಂದಿದ್ದಾಳೆ. ದೊಡ್ಡವರಾಗಿಬಿಟ್ಟ ನಾವು "ನಮಗೆ ಬೇಡ" ಎಂದು ಅಚ್ಚು ಹಾಕಿಸಿದರೆ, ಅವಳನ್ನು ಎಂದೆಂದಿಗೂ ಸಾಲಗಾರಳಾಗಿ ಉಳಿಸಿದಂತೆ. ನಮ್ಮ ಸರಳತೆಯ ಹೊರೆಯೂ ಇನ್ನೊಬ್ಬರ ಮೇಲೆ ಬೀಳಬಹುದು ಎಂಬುದು ಅಜ್ಜಿಯ ಮಾತಿನ ಸಾರ.

ಐವತ್ತು ಜನರ ವಿಚಾರಕ್ಕೂ ಅಜ್ಜಿಯ ಉತ್ತರ ಅದೇ ಜಾತಿಯದು. "ಐವತ್ತು ಅಂದ್ರೆ ಯಾರು? ನಿಮ್ಮ ಆಫೀಸ್ನೋರು, ಬೀಗರು, ಕಾರಲ್ಲಿ ಬರೋರು. ಊರೋರು ಉಳೀತಾರಾ?" ಪಟ್ಟಿ ಬರೆದು ನೋಡಿದೆವು. ಮಾತು ನಿಜವಾಗಿತ್ತು. ಪಟ್ಟಿ ಚಿಕ್ಕದಾಗುತ್ತಾ ಹೋದಂತೆ ಮೊದಲು ಬಿಟ್ಟುಹೋಗುವ ಹೆಸರುಗಳು ಬಡವರವು. ಕುವೆಂಪು ಅವರ ದಾರಿ ಸಣ್ಣ ದಾರಿಯಲ್ಲ. ಆದರೆ ಅದನ್ನು ಹಿಡಿಯುವವರು ಪೂರ್ತಿ ಹಿಡಿಯಬೇಕು. ಆಫೀಸಿನವರನ್ನೂ ಬಿಟ್ಟು, ಕಾರಿನವರನ್ನೂ ಬಿಟ್ಟು, ನಿಜವಾಗಿಯೂ ಹತ್ತಿರದವರೊಂದಿಗೆ ಮಾಡಬೇಕು. ಬಡವರನ್ನು ಮಾತ್ರ ಬಿಟ್ಟು ಅದಕ್ಕೆ ಸರಳ ವಿವಾಹವೆಂದು ಹೆಸರಿಡುವುದು ಸಲ್ಲದು.

ಹೀಗೆ ಮೊಮ್ಮಗಳ ಪ್ರಶ್ನೆ ಒಂದು ಕಡೆ, ಅಜ್ಜಿಯ ಪ್ರಶ್ನೆ ಒಂದು ಕಡೆ. ನಡುವೆ ನಾವು, ಸಾಲವಿಲ್ಲದೆ ಕೂಡಿಟ್ಟ 4,000 ರಿಯಾಲಿನೊಂದಿಗೆ. ವಿನಿಮಯದ ಏರಿಳಿತಕ್ಕೆ ಸ್ವಲ್ಪ ಕಡಿಮೆಯೇ ಇರಲೆಂದು 220 ರೂಪಾಯಿಯಂತೆ ಹಿಡಿದರೆ 8,80,000 ರೂಪಾಯಿ. ಇದರಾಚೆ ಒಂದು ಬೈಸಾ ಕೂಡ ಸಾಲ ಮಾಡುವುದಿಲ್ಲವೆಂದು ಪುಸ್ತಕದ ಮೊದಲ ಪುಟದಲ್ಲಿ ಬರೆದೆವು. ಇನ್ನು ಒಂದೊಂದಾಗಿ ಲೆಕ್ಕ ಕೇಳಿ.

ಮೊದಲನೆಯದು ಊಟ. ಎಲೆಗಳ ಸಂಖ್ಯೆಯನ್ನು ಇಳಿಸುವ ಬದಲು ಎಲೆಯ ಮೇಲಿನ ಬಗೆಗಳನ್ನು ಇಳಿಸಿದೆವು. ಈಚಿನ ಮದುವೆಗಳಲ್ಲಿ ಐದು ಸಿಹಿ, ಉತ್ತರ ಭಾರತದ ತಿಂಡಿ, ಐಸ್‌ಕ್ರೀಮು, ಬೀಡಾ ಅಂಗಡಿ, ಎಲ್ಲವೂ ಇರುತ್ತವೆ. ಎರಡನೆಯ ಸಿಹಿಗೆ ಬರುವ ಹೊತ್ತಿಗೆ ಹೊಟ್ಟೆ ತುಂಬಿರುತ್ತದೆ, ಉಳಿದದ್ದು ಎಲೆಯ ಜೊತೆ ಮಡಚಿ ಹೋಗುತ್ತದೆ. ನಮ್ಮಲ್ಲಿ ಒಂದೇ ಸಿಹಿ, ಹೋಳಿಗೆ. ಜೊತೆಗೆ ಎರಡು ಪಲ್ಯ, ಕೋಸಂಬರಿ, ಚಿತ್ರಾನ್ನ, ಹುಳಿ, ಸಾರು, ಮಜ್ಜಿಗೆ. ಎಲೆಯೊಂದಕ್ಕೆ 250 ರೂಪಾಯಿಯಂತೆ 600 ಎಲೆಗೆ 1,50,000 ರೂಪಾಯಿ, ಸುಮಾರು 680 ರಿಯಾಲ್. ಊರೆಲ್ಲ ಉಂಡು ಹೋಗಬಹುದು. ನಿಂತು ತಿನ್ನುವ ಪದ್ಧತಿ ಬೇಡ, ಪಂಕ್ತಿಯಲ್ಲೇ ಬಡಿಸುವುದು, ಕೇಳಿ ಬಡಿಸುವುದು. ಕೇಳಿ ಬಡಿಸಿದರೆ ವ್ಯರ್ಥವಾಗುವುದು ಕಡಿಮೆ, ಮಾತನಾಡಿಸಿದಂತೆಯೂ ಆಗುತ್ತದೆ. ಬಾಳೆ ಎಲೆ ನಮ್ಮ ತೋಟದ್ದೇ. ತಿಂಡಿಗೆ ಅಡಿಕೆ ಹಾಳೆಯ ತಟ್ಟೆ. ಪ್ಲಾಸ್ಟಿಕ್ ತಟ್ಟೆ, ಲೋಟ, ಫ್ಲೆಕ್ಸುಗಳನ್ನು ಕರ್ನಾಟಕ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಒಮಾನಿನಲ್ಲೂ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಚೀಲಗಳಿಗೆ 2021ರ ಜನವರಿಯಿಂದ ನಿಷೇಧ ಬಂತು. ಇಲ್ಲಿ ಕಾನೂನು ಪಾಲಿಸುವ ನಾವು ಊರಿಗೆ ಇಳಿದ ಕೂಡಲೇ ಗಂಡು ಹೆಣ್ಣಿನ ಫ್ಲೆಕ್ಸನ್ನು ಸರ್ಕಲಿನಲ್ಲಿ ಕಟ್ಟಿಸುತ್ತೇವೆ!

ಎರಡನೆಯದು ಕೆಲಸಗಾರರ ಕೂಲಿ. ಇದನ್ನು ನಾವು ಇಳಿಸಲಿಲ್ಲ. ಅಡುಗೆಯವರು, ವಾದ್ಯದವರು, ಪಾತ್ರೆ ತೊಳೆಯುವವರು, ಚಪ್ಪರ ಹಾಕುವವರು, ಇವರಿಗೆ ವರ್ಷದಲ್ಲಿ ಕೆಲಸ ಇರುವುದೇ ಕೆಲವು ಲಗ್ನದ ತಿಂಗಳು. ಮಿತವ್ಯಯವೆಂದು ಹೇಳಿಕೊಂಡು ಇವರ ಹತ್ತಿರ ಚೌಕಾಸಿ ಮಾಡಿ, ಆ ಉಳಿತಾಯದಿಂದ ಫೋಟೋದವರಿಗೆ ಆಲ್ಬಮ್ ದೊಡ್ಡದು ಮಾಡಿಸುವುದು ಯಾವ ನ್ಯಾಯ? ಅಡುಗೆ ಗುತ್ತಿಗೆಯವರಿಗೆ ಎರಡೇ ಷರತ್ತು ಹಾಕಿದ್ದೇವೆ. ಬಡಿಸಲು, ತೊಳೆಯಲು ಶಾಲೆಗೆ ಹೋಗುವ ವಯಸ್ಸಿನ ಮಕ್ಕಳನ್ನು ಕರೆತರಬಾರದು. 14 ವರ್ಷದೊಳಗಿನ ಮಕ್ಕಳನ್ನು ಯಾವ ಉದ್ಯೋಗಕ್ಕೂ ಹಚ್ಚಬಾರದೆಂದು 2016ರ ತಿದ್ದುಪಡಿಯಾದ ಮೇಲೆ ಕಾನೂನೇ ಹೇಳುತ್ತದೆ. ಇನ್ನೊಂದು, ಸಹಾಯಕರ ಕೂಲಿ ಅಂದೇ ರಾತ್ರಿ ಅವರವರ ಕೈಗೇ ಸೇರಬೇಕು. ತಿಂಗಳ ಸಂಬಳ ತಡವಾದರೆ ಹೇಗಿರುತ್ತದೆಂದು ಕೊಲ್ಲಿಗೆ ಬಂದವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಮೂರನೆಯದು ಚಿನ್ನ. ತಾಯಂದಿರು ಸ್ವಲ್ಪ ಗಮನವಿಟ್ಟು ಕೇಳಬೇಕು. 2025ರ ಅಕ್ಟೋಬರಿನಲ್ಲಿ ಪ್ರಪಂಚದ ಮಾರುಕಟ್ಟೆಯಲ್ಲಿ ಚಿನ್ನ ಔನ್ಸಿಗೆ 4,000 ಡಾಲರ್ ದಾಟಿತು. ಒಂದು ಔನ್ಸಿಗೆ 31.1 ಗ್ರಾಂ. ಆ ಬೆಲೆಯಂತೆ ಲೆಕ್ಕ ಹಾಕಿದರೆ 22 ಕ್ಯಾರೆಟ್ಟಿನ ಒಂದು ಪವನಿಗೆ, ಅಂದರೆ 8 ಗ್ರಾಮಿಗೆ, ಮಜೂರಿ ಬಿಟ್ಟು ಸುಮಾರು 360 ರಿಯಾಲ್. ಐದು ಪವನು ಎಂದರೆ 1,800 ರಿಯಾಲ್, ನಮ್ಮ ಗಂಟಿನ ಅರ್ಧಕ್ಕೆ ಹತ್ತಿರ. ರೂವಿ, ಮತ್ರಾದ ಅಂಗಡಿಗಳ ಮುಂದೆ ನಿಂತು ಬೆಲೆಪಟ್ಟಿ ನೋಡಿ ಹಿಂದಿರುಗಿದವರು ನಾವೊಬ್ಬರೇ ಅಲ್ಲ ಎಂದು ಬಲ್ಲೆವು.

ಹೊರೆ ಯಾರ ಮೇಲೆ ಎಂಬ ಪ್ರಶ್ನೆಗೆ ಚಿನ್ನದ ಮುಂದೆ ಉತ್ತರ ಬರೆಯುವಾಗ ನಮಗೆ ಕೋಲಾರ ನೆನಪಾಯಿತು. ಅಲ್ಲಿನ ಗಣಿಗಳು 120 ವರ್ಷ ನಡೆದು, ಸುಮಾರು 800 ಟನ್ ಚಿನ್ನ ಕೊಟ್ಟು, 2001ರ ಫೆಬ್ರವರಿ 28ರಂದು ಮುಚ್ಚಿದವು. ಚಿನ್ನ ಎಲ್ಲೆಲ್ಲಿಗೋ ಹೋಯಿತು. ಅದನ್ನು ತೆಗೆದವರ ಶ್ವಾಸಕೋಶದಲ್ಲಿ ಕಲ್ಲಿನ ಧೂಳು ಉಳಿಯಿತು, ಊರಿನ ಪಕ್ಕದಲ್ಲಿ ಸಯನೈಡ್ ಮಣ್ಣಿನ ದಿಬ್ಬಗಳು ಉಳಿದವು. ಗಾಳಿ ಬೀಸಿದರೆ ಆ ಧೂಳು ಇಂದಿಗೂ ಮನೆಗಳ ಒಳಗೆ ಬರುತ್ತದೆ. ಹೊಸ ಚಿನ್ನ ಕೊಳ್ಳಲೇಬಾರದೆಂದು ನಾವು ಯಾರಿಗೂ ಹೇಳುವುದಿಲ್ಲ. ನಮ್ಮಲ್ಲಿ ಅಜ್ಜಿಯ ಎರಡೆಳೆ ಸರ ಇದೆ. ಅದನ್ನೇ ಕರಗಿಸಿ ತಾಳಿ ಮತ್ತು ಒಂದು ಜೊತೆ ಓಲೆ ಮಾಡಿಸುತ್ತಿದ್ದೇವೆ. ಮಜೂರಿ ಊರಿನ ಅಕ್ಕಸಾಲಿಗರಿಗೆ.

ಇಲ್ಲಿಂದ ಚಿನ್ನ ಒಯ್ಯುವವರಿಗೆ ಒಂದು ಸೂಚನೆ. 2016ರ ಬ್ಯಾಗೇಜ್ ನಿಯಮಗಳಲ್ಲಿ, ಒಂದು ವರ್ಷಕ್ಕಿಂತ ಹೆಚ್ಚು ಹೊರದೇಶದಲ್ಲಿದ್ದು ಮರಳುವ ಹೆಂಗಸರಿಗೆ 40 ಗ್ರಾಂ, ಗಂಡಸರಿಗೆ 20 ಗ್ರಾಂ ಆಭರಣಕ್ಕೆ ಸುಂಕವಿರಲಿಲ್ಲ. ಆದರೆ ಜೊತೆಗೇ ಒಂದು ಲಕ್ಷ ಮತ್ತು ಐವತ್ತು ಸಾವಿರ ರೂಪಾಯಿಯ ಬೆಲೆ ಮಿತಿಯೂ ಇತ್ತು. ಚಿನ್ನದ ಬೆಲೆ ಏರಿದಂತೆ ಆ ಮಿತಿಗೆ ಒಂದೆರಡು ಪವನೂ ಹಿಡಿಯದಂತಾಯಿತು. ಭಾರತದಲ್ಲಿ ಚಿನ್ನದ ಆಮದು ಸುಂಕವನ್ನೇ 2024ರ ಜುಲೈಯಲ್ಲಿ ನೂರಕ್ಕೆ 15ರಿಂದ 6ಕ್ಕೆ ಇಳಿಸಿದಾಗ ಇಲ್ಲಿಂದ ಹೊತ್ತು ಒಯ್ಯುವ ಲಾಭವೂ ಮೊದಲಿಗಿಂತ ಕಡಿಮೆಯಾಯಿತು. ನಿಯಮಗಳು ಬದಲಾಗುತ್ತಿರುತ್ತವೆ, ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಊರಿನ ಒಡವೆಯನ್ನು ಇಲ್ಲಿಗೆ ತಂದು ಮದುವೆಗೆ ಮತ್ತೆ ಒಯ್ಯುವವರು ಊರು ಬಿಡುವಾಗಲೇ ಕಸ್ಟಮ್ಸಿನವರಿಂದ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಂಡರೆ ಹಿಂದಿರುಗುವಾಗ ತಾಪತ್ರಯವಿಲ್ಲ. ಸುಂಕ ತಪ್ಪಿಸಲು ಮಕ್ಕಳ ಕೊರಳಿಗೆ ಸರ ಹಾಕುವ ಜಾಣತನ ಮಾತ್ರ ಬೇಡ. ಮಕ್ಕಳು ಅದನ್ನೂ ಕಲಿಯುತ್ತವೆ.

ನಾಲ್ಕನೆಯದು ಸೀರೆ. ರೇಷ್ಮೆ ಬೇಡ, ಗೂಡನ್ನು ಹುಳುವಿನೊಂದಿಗೇ ಬೇಯಿಸುತ್ತಾರೆ ಎಂದು ಮಗಳು. ರಾಮನಗರ, ಶಿಡ್ಲಘಟ್ಟದ ಎಷ್ಟೋ ಸಂಸಾರಗಳು ಗೂಡು ನಂಬಿಯೇ ಬದುಕುತ್ತಿವೆ ಎಂದು ನಾವು. ಈ ವಾದ ಮುಗಿಯಲಿಲ್ಲ, ಮುಗಿಯುವಂಥದ್ದೂ ಅಲ್ಲ. ಕೊನೆಗೆ ಧಾರೆಗೆ ಅಮ್ಮನ ಮದುವೆಯ ರೇಷ್ಮೆ ಸೀರೆ, ಆರತಕ್ಷತೆಗೆ ಹೊಸದಾಗಿ ಒಂದು ಇಳಕಲ್ ಕೈಮಗ್ಗದ ಸೀರೆ ಎಂದು ತೀರ್ಮಾನವಾಯಿತು. ಹೆಂಗಸರಿಗೆ ಉಡಿ ತುಂಬಲು ಗುಳೇದಗುಡ್ಡದ ಖಣ. ಕೈಯಿಂದ ಕೈಗೆ ಸುತ್ತುತ್ತಾ, ಕೊಟ್ಟವರ ಮನೆಗೇ ಮರಳಿ ಬರುವ ಪಾಲಿಯೆಸ್ಟರ್ ರವಿಕೆ ತುಂಡುಗಳ ಮಹಿಮೆಯನ್ನು ಇಲ್ಲಿರುವ ತಾಯಂದಿರಿಗೆ ನಾವು ವಿವರಿಸಬೇಕೆ? ಕೊಟ್ಟದ್ದನ್ನು ಹೊಲಿಸಿ ತೊಡುವಂತಿರಬೇಕು. ತಾಂಬೂಲದ ಚೀಲದಲ್ಲಿ ತೆಂಗಿನಕಾಯಿಯ ಜೊತೆ ಒಂದು ಹಿಡಿ ಒಮಾನಿ ಖರ್ಜೂರ. ನಮಗೆ ಅನ್ನ ಕೊಟ್ಟ ನೆಲದ ಹಣ್ಣು ನಮ್ಮ ಊರಿನವರ ಬಾಯಿಗೂ ಬೀಳಲಿ.

ಐದನೆಯದು ಕೊಡುವುದು ತೆಗೆದುಕೊಳ್ಳುವುದು. ಬೀಗರು ಒಳ್ಳೆಯವರು, ಏನನ್ನೂ ಕೇಳಿಲ್ಲ. ಆದರೆ "ನಿಮ್ಮ ಮಗಳಿಗೆ ನೀವು ಏನು ಮಾಡಿದರೂ ನಿಮ್ಮ ಇಷ್ಟ" ಎಂಬ ಮಾತನ್ನು ಹೊರದೇಶದಲ್ಲಿರುವ ತಂದೆ ತಾಯಿಗಳು ಎಲ್ಲ ಕಡೆಯೂ ಕೇಳುತ್ತಾರೆ. ಆ ಇಷ್ಟಕ್ಕೆ ಕೊನೆಯೇ ಇರುವುದಿಲ್ಲ. ವರದಕ್ಷಿಣೆ ನಿಷೇಧ ಕಾಯಿದೆ 1961ರದು. ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ. ಅದರಡಿಯಲ್ಲಿ 1985ರಲ್ಲಿ ಮಾಡಿದ ನಿಯಮಗಳಿವೆ ಎಂಬುದು ಹಲವರಿಗೆ ಗೊತ್ತಿಲ್ಲ. ಮದುವೆಯಲ್ಲಿ ವಧುವಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ವಧು, ವರನಿಗೆ ಬಂದವುಗಳ ಪಟ್ಟಿಯನ್ನು ವರ ಇಟ್ಟುಕೊಳ್ಳಬೇಕು. ವಸ್ತು ಯಾವುದು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ನಂಟು ಏನು ಎಂದು ಬರೆದು ಇಬ್ಬರೂ ಸಹಿ ಹಾಕಬೇಕು. ಇದನ್ನು ಕೇಳಿ ಅಜ್ಜಿ ನಕ್ಕರು: "ಅದೇ ಅಲ್ವಾ ನಮ್ಮ ಮುಯ್ಯಿ ಪುಸ್ತಕ!" ನಮ್ಮ ಮದುವೆಯಲ್ಲಿ ಆ ಪುಸ್ತಕ ಇರುತ್ತದೆ, ಸಹಿಯೂ ಇರುತ್ತದೆ. ಖರ್ಚನ್ನು ಎರಡು ಮನೆಯವರೂ ಸಮನಾಗಿ ಹಂಚಿಕೊಳ್ಳುವುದೆಂದು ಬೀಗರೊಂದಿಗೆ ಮಾತಾಗಿದೆ. ಅಳಿಯನಾಗುವವರೇ ಮೊದಲು ಆ ಮಾತೆತ್ತಿದರು ಎಂಬುದನ್ನು ಸಂತೋಷದಿಂದ ಹೇಳುತ್ತೇವೆ.

ಆರನೆಯದು ದಿನ. ಇಲ್ಲಿ ಇಂಡಿಯನ್ ಸ್ಕೂಲುಗಳಿಗೆ ಬೇಸಿಗೆ ರಜೆ ಬರುವ ಹೊತ್ತಿಗೆ ಊರಿನಲ್ಲಿ ಆಷಾಢ ಬಂದು ಲಗ್ನಗಳು ನಿಲ್ಲುತ್ತವೆ. ಅದಕ್ಕೆ ಮುಂಚೆ ಜ್ಯೇಷ್ಠ ಹಿಡಿಯೋಣವೆಂದರೆ, ಹಿರಿಯ ಮಗ ಹಿರಿಯ ಮಗಳಿಗೆ ಜ್ಯೇಷ್ಠ ಬೇಡವೆನ್ನುತ್ತಾರೆ. ಎಲ್ಲರೂ ವೈಶಾಖದ ಒಂದೆರಡು ವಾರಕ್ಕೇ ಮುಗಿಬೀಳುವುದರಿಂದ ಛತ್ರವೂ ದುಬಾರಿ, ವಿಮಾನವೂ ದುಬಾರಿ. ನಾವು ಮಾಘಕ್ಕೆ ಹೋದೆವು. ಚಿಕ್ಕವನಿಗೆ ಶಾಲೆಯಲ್ಲಿ ಒಂದು ವಾರ ರಜೆ ಕೇಳಬೇಕು, ಅಷ್ಟೇ. ಟಿಕೆಟ್ಟಿನಲ್ಲಿ ಉಳಿದ ಹಣದಲ್ಲಿ ಊರಿನ ಊಟದ ಒಂದು ಪಾಲು ತೂಗಿತು.

ಇನ್ನು ಮಸ್ಕತ್ತಿನ ವಿಚಾರ. ಈ ಮಾತು ಹೇಳಲೆಂದೇ ನಾವು ಇಲ್ಲಿ ನಿಂತದ್ದು. ಇಲ್ಲಿ ನಮ್ಮೊಂದಿಗೆ ಇಷ್ಟು ವರ್ಷ ಇದ್ದವರಿಗೆ ಒಂದು ಊಟ ಹಾಕದೆ ಇರಲಾಗುವುದಿಲ್ಲ. ಹೋಟೆಲಿನ ಹಾಲಿನಲ್ಲಿ ಆರತಕ್ಷತೆ ಇಟ್ಟುಕೊಂಡರೆ ನಮ್ಮ ಗಂಟು ಅಲ್ಲಿಯೇ ಕರಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಹೋಟೆಲಿನ ಬಾಗಿಲು ಕೆಲವರನ್ನು ತಾನಾಗಿಯೇ ತಡೆಯುತ್ತದೆ. ನಮ್ಮ ಸಂಘದಲ್ಲಿ ಇಂಜಿನಿಯರರಿದ್ದಾರೆ, ಡಾಕ್ಟರಿದ್ದಾರೆ. ಕಟ್ಟಡ ಕೆಲಸಕ್ಕೆ ಬಂದ ಕಲಬುರಗಿಯ ಹುಡುಗರೂ ಮಂಗಳೂರು ಕಡೆಯ ಡ್ರೈವರುಗಳೂ ಇದ್ದಾರೆ. ರಾಜ್ಯೋತ್ಸವಕ್ಕೆ ಕುರ್ಚಿ ಜೋಡಿಸುವವರು ಅವರು. ಮದುವೆಯ ಊಟಕ್ಕೆ ಕರೆದರೆ, "ಬರಿಗೈಲಿ ಹೇಗೆ ಹೋಗೋದು" ಎಂದು ಹಿಂಜರಿಯುವವರೂ ಅವರೇ.

ಊರಿನಲ್ಲಿ ಮುಯ್ಯಿ ತೆಗೆದುಕೊಳ್ಳುವ ನಾವು ಇಲ್ಲಿ ಕವರು ತೆಗೆದುಕೊಳ್ಳುವುದಿಲ್ಲ. ಇದು ಹೇಗೆ ಎಂದು ನೀವು ಕೇಳಬಹುದು. ಮುಯ್ಯಿಗೆ ಅರ್ಥವಿರುವುದು ನಾವು ಅದನ್ನು ತಿರುಗಿಸಲು ಹೋಗುವುದಿದ್ದರೆ ಮಾತ್ರ. ಊರಿನ ಮನೆಗಳಿಗೆ ನಾವು ಹೋಗುತ್ತೇವೆ, ನಾವಲ್ಲದಿದ್ದರೆ ನಮ್ಮ ಮಕ್ಕಳು ಹೋಗುತ್ತಾರೆ. ಆದರೆ ಇಲ್ಲಿ ಐದು ರಿಯಾಲ್ ಕವರಿನಲ್ಲಿಟ್ಟು ಕೊಡುವ ಹುಡುಗನ ತಂಗಿಯ ಮದುವೆ ಆಳಂದದ ಯಾವುದೋ ಹಳ್ಳಿಯಲ್ಲಿ ನಡೆಯುತ್ತದೆ. ನಮ್ಮಲ್ಲಿ ಎಷ್ಟು ಮಂದಿ ಅಲ್ಲಿಗೆ ಹೋಗುತ್ತೇವೆ? ಹೋಗದವರು ತೆಗೆದುಕೊಂಡರೆ ಅದು ಮುಯ್ಯಿಯಲ್ಲ, ಅವನ ಸಂಬಳದಲ್ಲಿ ಒಂದು ಕಡಿತ. ಅಜ್ಜಿಗೆ ಇದನ್ನು ಹೇಳಿದಾಗ, "ತಿರುಗಿಸೋಕೆ ಆಗ್ದಿದ್ರೆ ತಗಬಾರ್ದು, ಅದೇ ನಿಯಮ" ಎಂದರು. ಮೊಮ್ಮಗಳೂ ಅಜ್ಜಿಯೂ ಒಪ್ಪಿದ ನಿಯಮ ಇದೊಂದು.

ಈ ದೇಶದವರಿಂದಲೂ ನಾವು ಕಲಿಯಬೇಕಾದದ್ದಿದೆ. ಒಮಾನಿ ಹಳ್ಳಿಗಳಲ್ಲಿ 'ಸಬ್ಲಾ' ಎಂಬ ಊರೊಟ್ಟಿನ ಹಜಾರವಿರುತ್ತದೆ. ಮದುವೆಗೂ ಅದೇ, ಸಾವಿನ ಮನೆಯ ಸಾಂತ್ವನಕ್ಕೂ ಅದೇ. ಬಂದವರಿಗೆ ಕಾವಾ, ಖರ್ಜೂರ, ಹಲ್ವಾ. ದೊಡ್ಡವನಿಗೂ ಸಣ್ಣವನಿಗೂ ಕೂರಲು ಒಂದೇ ಚಾಪೆ. ಹಲವು ವಿಲಾಯತ್ತುಗಳಲ್ಲಿ ಹತ್ತಾರು ವರರು ಸೇರಿ ಸಾಮೂಹಿಕ ವಿವಾಹ ಮಾಡಿಕೊಳ್ಳುವ ಪದ್ಧತಿಯೂ ಇದೆ. ಧರ್ಮಸ್ಥಳದಲ್ಲಿ ಕಂಡದ್ದನ್ನೇ ನಾವು ಇಲ್ಲಿಯೂ ಕಾಣುತ್ತಿದ್ದೇವೆ.

ಆದ್ದರಿಂದ ಸಂಘದ ಮುಂದೆ ನಮ್ಮ ಸಲಹೆ ಇದು. ವರ್ಷಕ್ಕೊಮ್ಮೆ, ಊರಿನಲ್ಲಿ ಲಗ್ನಗಳ ಕಾಲ ಮುಗಿದ ಮೇಲೆ, ಆ ವರ್ಷ ಮದುವೆಯಾದ ನಮ್ಮ ಎಲ್ಲ ಮನೆಗಳ ಜೋಡಿಗಳಿಗೂ ಸೇರಿ ಒಂದೇ ಆರತಕ್ಷತೆ ಮಾಡೋಣ. ಹೋಟೆಲು ಬೇಡ, ನಾವು ರಾಜ್ಯೋತ್ಸವ ಮಾಡುವಂಥ ಸಾದಾ ಸಭಾಂಗಣವೇ ಸಾಕು. ಅಡುಗೆಯನ್ನು ಮನೆಮನೆಯವರು ಹಂಚಿಕೊಳ್ಳೋಣ. ಕವರು ಯಾರಿಂದಲೂ ಬೇಡ, ಡಾಕ್ಟರಿಂದಲೂ ಬೇಡ, ಡ್ರೈವರಿಂದಲೂ ಬೇಡ. ಜೊತೆಗೆ ಸಂಘದಲ್ಲಿ ಒಂದು ಮದುವೆ ಪೆಟ್ಟಿಗೆ ಇರಲಿ. ಬಾಸಿಂಗ, ಆರತಿ ತಟ್ಟೆ, ಕಲಶ, ದೀಪದ ಕಂಬ, ಬಾಗಿಲ ತೋರಣ, ಹಸೆಮಣೆಯ ವಸ್ತ್ರ. ಒಂದು ಮನೆ ಒಮ್ಮೆ ಬಳಸಿ ಅಟ್ಟಕ್ಕೆ ಹಾಕುವುದನ್ನು ಹತ್ತು ಮನೆ ಬಳಸಲಿ. ಮೊದಲ ಕಾಣಿಕೆಯಾಗಿ ನಮ್ಮ ಮನೆಯ ಹಿತ್ತಾಳೆಯ ದೀಪದ ಕಂಬ ಒಂದು ಜೊತೆಯನ್ನು ಇಂದೇ ತಂದಿದ್ದೇವೆ. ನಮ್ಮ ಮಗಳು ಅಳಿಯನನ್ನು ಮೊದಲ ಸಾಮೂಹಿಕ ಆರತಕ್ಷತೆಯಲ್ಲಿ ಕೂರಿಸಲು ಸಿದ್ಧರಿದ್ದೇವೆ, ಜೊತೆಗೆ ಕೂರುವವರು ಬೇಕು.

ಮದುವೆ ಸುಖವಾಗಿ ಮುಗಿದ ಮೇಲೆ ನಮ್ಮ ಲೆಕ್ಕದ ಪುಸ್ತಕವನ್ನು ಸಂಘದ ಪುಸ್ತಕ ಭಂಡಾರದಲ್ಲಿ ಇಡುತ್ತೇವೆ. ಯಾವುದಕ್ಕೆ ಎಷ್ಟಾಯಿತು, ಎಲ್ಲಿ ಉಳಿಯಿತು, ಎಲ್ಲಿ ಕೈ ಮೀರಿತು, ಎಲ್ಲವೂ ಅದರಲ್ಲಿರುತ್ತದೆ. ಯಾರಾದರೂ ತೆಗೆದು ನೋಡಬಹುದು, ತಮ್ಮ ಮನೆಯ ಲೆಕ್ಕವನ್ನು ಮುಂದಿನ ಪುಟಗಳಲ್ಲಿ ಬರೆದಿಡಬಹುದು. ಮುಂದೆ ಮದುವೆ ಮಾಡುವವರು ನಮ್ಮ ಚಪ್ಪರವನ್ನು ನೋಡಿ ಅಳತೆ ಹಿಡಿಯುವುದಕ್ಕಿಂತ ನಮ್ಮ ಪುಸ್ತಕವನ್ನು ನೋಡಿ ಹಿಡಿಯಲಿ ಎಂಬುದು ನಮ್ಮ ಆಸೆ.

ಮದುವೆಗೆ ಕರೆಯೋಲೆ ಬೇರೆ ಬರುತ್ತದೆ, ಮಾಘದಲ್ಲಿ ಊರಿನಲ್ಲಿರುವವರು ತಪ್ಪದೆ ಬರಬೇಕು. ಎಲೆ ಹಾಕಿರುತ್ತದೆ.